ದ್ಯಾಮಣ್ಣನ ಹೊಸ ನಂಬರು

ನಮ್ಮ ಮನೆಯ ಸ್ಕ್ಯಾನರಿನಲ್ಲಿ ಏಳರ ಗುಂಡಿ ಕೆಟ್ಟ ದಿನ ನನ್ನ ಹೆಂಡತಿ ಕಸ್ತೂರಿ ಸಂತೆಯ ಮೂಲೆಯಲ್ಲಿ ಎರಡು ಚೀಲ ಇಟ್ಟುಕೊಂಡು ಬಹಳ ಹೊತ್ತು ಬಿಸಿಲಲ್ಲಿ ನಿಂತಿದ್ದಳು. "ಚೀಲ ಭಾರ ಆಗ್ಯಾವ, ಮೊಪೆಡ್ ತಗೊಂಡು ಬರ್ರಿ" ಎಂದು ಅವಳು ಎಂದಿನಂತೆ ಬಯಲಿಗೆ ಹೇಳಿದ್ದಾಳೆ. ಅವಳ ನಂಬರಿನಲ್ಲಿ ಎರಡು ಏಳುಗಳಿವೆ. ನಾನು ಮನೆಯಲ್ಲಿ ಆ ಸತ್ತ ಗುಂಡಿಯನ್ನು ಹೆಬ್ಬೆರಳಿನಿಂದ, ಚಮಚದಿಂದ, ಕೊನೆಗೆ ಪೆನ್ನಿನ ಹಿಂಬದಿಯಿಂದ ಒತ್ತುತ್ತ ಕುಳಿತಿದ್ದೆ. ಅವಳು ಬೆವರಿಕೊಂಡು ಬಂದು ಚೀಲ ಇಳಿಸಿದಾಗ ನಾನು ಸ್ಕ್ಯಾನರಿನ ಮುಚ್ಚಳ ಬಿಚ್ಚಿಯಾಗಿತ್ತು.

ನಮ್ಮೂರಿನಲ್ಲಿ ಬಯಲಲ್ಲಿ ಆಡಿದ ಮಾತು ಸ್ಕ್ಯಾನರಿನಲ್ಲಿ ಕೇಳಿಸುತ್ತದೆ. ಒಬ್ಬೊಬ್ಬರಿಗೆ ಒಂದೊಂದು ನಂಬರು. ಸೂರಿನ ಕೆಳಗೆ ಆಡಿದ್ದು ಕೇಳಿಸುವುದಿಲ್ಲ. ಬಿಚ್ಚಿದ ಕೊಡೆಯೂ ಸೂರೇ. ಹೀಗಾಗಿ ಮೋಡವಿಲ್ಲದ ಸಂಜೆ ಇಬ್ಬರು ಒಂದೇ ಕೊಡೆಯ ಕೆಳಗೆ ನಿಂತಿದ್ದರೆ ಹೆಣ್ಣು ಕೇಳುವ ಮಾತೋ ಆಸ್ತಿಯ ಜಗಳವೋ ನಡೆದಿದೆ ಎಂದು ತಿಳಿದು ದಾರಿಹೋಕರು ಬಳಸಿಕೊಂಡು ಹೋಗುತ್ತಾರೆ. ಕೂಸು ಹುಟ್ಟಿದರೆ ತೊಟ್ಟಿಲ ದಿನ ಸೋದರತ್ತೆ ಅದರ ಕಿವಿಯಲ್ಲಿ ಹೆಸರು ಹೇಳಿದ ಮೇಲೆ ಅಂಗಳಕ್ಕೆ ಒಯ್ದು ಅಳಿಸುತ್ತಾರೆ. ಒಳಗೆ ಸೂಲಗಿತ್ತಿ ಜೈತುನಮ್ಮ ಸ್ಕ್ಯಾನರಿನ ಮುಂದೆ ಕುಳಿತು ಒಂದೊಂದೇ ನಂಬರು ಒತ್ತುತ್ತಾಳೆ. ಅಳು ಸಿಕ್ಕಿದ ಕೂಡಲೇ ತಾಯಿಯನ್ನು ಕರೆದು ಆ ನಂಬರನ್ನು ಅವಳಿಗೊಬ್ಬಳಿಗೇ ಹೇಳುತ್ತಾಳೆ. ಮುಂದೆ ಅದನ್ನು ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎನ್ನುವುದು ಆ ಮನೆಯವರಿಗೆ ಬಿಟ್ಟದ್ದು. ಕೊಡದ ನಂಬರನ್ನು ಒತ್ತಬಾರದು. ನಮ್ಮೂರಿನಲ್ಲಿ ಮನೆಗೆ ಬೀಗ ಹಾಕದವರಿದ್ದಾರೆ, ಈ ಮಾತು ಮೀರಿದವರಿಲ್ಲ. ಜೈತುನಮ್ಮನ ನಂಬರು ಮಾತ್ರ ಎಲ್ಲ ಮನೆಗಳಿಗೂ ಗೊತ್ತು. ಬಸುರಿಯರಿರುವ ಮನೆಗಳಲ್ಲಿ ಸ್ಕ್ಯಾನರು ಸದಾ ಅದರ ಮೇಲೆಯೇ ನಿಂತಿರುತ್ತದೆ.

ಈ ಸ್ಕ್ಯಾನರುಗಳು ಹಳೆಯವು. ತಗಡಿನ ಮೈ, ಕೆಂಪಗೆ ಉರಿಯುವ ಅಂಕಿಗಳು, ಎತ್ತಿದರೆ ತೋಳು ಸೋಲುವಷ್ಟು ಭಾರ. ಹೊಸವು ಎಲ್ಲಿಯೂ ಸಿಗುವುದಿಲ್ಲ. ಗುಂಡಿಗಳ ಕೆಳಗಿನ ರಬ್ಬರು ಮಾತ್ರ ಮನೆಮನೆಯಲ್ಲಿ ಸವೆಯುತ್ತ ಬಂದಿತ್ತು.

ಮನೆಯ ಮುಂದಿನ ಕೋಣೆಯಲ್ಲಿ ನನ್ನದು ಟೈಪಿಂಗ್ ಇನ್‌ಸ್ಟಿಟ್ಯೂಟು. ಭರಮಪ್ಪ ಎನ್ನುವ ನನ್ನ ಹೆಸರಿಗೆ 'ಮಾಸ್ತರ' ಅಂಟಿಕೊಂಡದ್ದು ಅದರಿಂದಲೇ. ಟೈಪ್‌ರೈಟರುಗಳು ಹೋಗಿ ಕಂಪ್ಯೂಟರುಗಳು ಬಂದವು. ಆ ಕಂಪ್ಯೂಟರುಗಳೂ ಹಳತಾಗಿ ಈಗ ಬೆಳಗಿನ ಪಾಳಿಗೆ ನಾಲ್ಕಾರು ಹುಡುಗಿಯರು ಬಂದರೆ ಹೆಚ್ಚು. ಮಧ್ಯಾಹ್ನವೆಲ್ಲ ನನ್ನದೇ. ಮುಚ್ಚಳ ಬಿಚ್ಚಿದ ಸ್ಕ್ಯಾನರನ್ನು ಅಲ್ಲಿಗೆ ಒಯ್ದು ಮೇಜಿನ ಮೇಲಿಟ್ಟೆ. ಪ್ರತಿ ಗುಂಡಿಯ ಹಿಂದೆಯೂ ಎರಡು ತಾಮ್ರದ ಗೆರೆಗಳು. ಬೆರಳು ಒತ್ತಿದರೆ ರಬ್ಬರು ಆ ಎರಡನ್ನೂ ಕೂಡಿಸುತ್ತದೆ. ಗುಂಡಿ ಎಂದರೆ ಅಷ್ಟೇ. ಹಾಗಿದ್ದ ಮೇಲೆ ಅವನ್ನು ಕೂಡಿಸಲು ಬೆರಳೇ ಯಾಕೆ ಬೇಕು? ಪಕ್ಕದಲ್ಲಿದ್ದ ಕಂಪ್ಯೂಟರಿನ ಬೆನ್ನಿನಿಂದ ಪ್ರಿಂಟರಿಗೆ ಹೋಗುವ ತಂತಿಗಳಿದ್ದವು. ಯಾವ ತಂತಿಗೆ ಯಾವಾಗ ಕರೆಂಟು ಬರಬೇಕೆಂದು ನಾನು ಕೀಲಿಮಣೆಯಿಂದ ಹೇಳಬಲ್ಲೆ. ನಡುವೆ ಒಂದು ಬೋರ್ಡು ಮಾಡಿ ಕೂಡಿಸಿದರೆ ಕಂಪ್ಯೂಟರೇ ಗುಂಡಿ ಒತ್ತಬೇಕಲ್ಲ ಎನ್ನಿಸಿತು. ಎನ್ನಿಸಿದ ಮೇಲೆ ಊಟಕ್ಕೆ ಕೂತರೂ ಅದೇ, ನೀರು ಸೇದಿದರೂ ಅದೇ.

ತಾಮ್ರ ಅಂಟಿಸಿದ ಹಲಗೆ ಪೇಟೆಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಸಿಕ್ಕಿತು. ಅದರ ಮೇಲೆ ಕಸ್ತೂರಿಯ ಉಗುರಿನ ಬಣ್ಣದಿಂದ ಗೆರೆ ಎಳೆದೆ. ತಾಮ್ರ ಕರಗಿಸುವ ಕಂದು ಬಣ್ಣದ ದ್ರಾವಣವನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ ಹಾಕಿ, ಹಲಗೆಯನ್ನು ಮುಳುಗಿಸಿ, ಕೂಸನ್ನು ತೂಗುವ ಹಾಗೆ ತಟ್ಟೆಯನ್ನು ತೂಗುತ್ತ ಕುಳಿತೆ. ಬಣ್ಣ ಬಿದ್ದಲ್ಲಿ ತಾಮ್ರ ಉಳಿಯುತ್ತದೆ, ಉಳಿದದ್ದು ಕರಗಿ ಹೋಗುತ್ತದೆ. ಆಮೇಲೆ ತೂತು ಕೊರೆದು, ಸ್ವಿಚ್ಚಿನ ಕೆಲಸ ಮಾಡುವ ಸಣ್ಣ ಚಿಪ್‌ಗಳನ್ನು ಕೂಡಿಸಿ, ಒಂದೊಂದೇ ಕಾಲಿಗೆ ಬೆಸುಗೆ ಹಾಕಿದೆ. ಮೊದಲ ಬೋರ್ಡು ಮೂರು ಒತ್ತು ಎಂದರೆ ಒಂದು ಒತ್ತಿತು, ಒಂಬತ್ತು ಎಂದರೆ ಏಳು ಒತ್ತಿತು. ಗೆರೆಗಳನ್ನು ನಾನು ಮೇಲಿನಿಂದ ಕಾಣುವಂತೆ ಬರೆದಿದ್ದೆ, ಬೆಸುಗೆ ಹಾಕಿದ್ದು ಕೆಳಗಿನಿಂದ. ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿತ್ತು. ಕಸ್ತೂರಿ ಅದನ್ನು ತಿರುವಿ ನೋಡಿ, "ನನ್ನ ಬಾಟ್ಲಿ ಖಾಲಿ ಮಾಡಿ ಇಷ್ಟ ಮಾಡಿದ್ರೇನು?" ಎಂದಳು. ಎರಡನೆಯದಕ್ಕೆ ತಾನೇ ಇನ್ನೊಂದು ಬಾಟಲಿ ತಂದುಕೊಟ್ಟು, ನನ್ನ ಸೊಟ್ಟ ಗೆರೆಗಳನ್ನು ನೋಡಲಾಗದೆ ಅವನ್ನೂ ತಾನೇ ಎಳೆದಳು. ಅದು ಸರಿಯಾಗಿ ಬಂತು. ನಾನು ಕೀಲಿಮಣೆಯಲ್ಲಿ ಅವಳ ನಂಬರು ಹೊಡೆದೆ, ಸ್ಕ್ಯಾನರಿನಲ್ಲಿ ಕೆಂಪು ಏಳುಗಳು ತಾವಾಗಿ ಮೂಡಿದವು, ಹಿತ್ತಲಿನಲ್ಲಿ ನಿಂತಿದ್ದ ಅವಳ ದನಿ ಬಂತು: "ಕೇಳಾಕತ್ತೈತೋ ಇಲ್ಲೋ ಹೇಳ್ರಿ, ಹಾಲು ಉಕ್ಕತೈತಿ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸ್ಕ್ಯಾನರಿನೊಳಗೆ ಇನ್ನೊಂದು ಜಾಗ ನನ್ನ ಕಣ್ಣಿಗೆ ಬಿದ್ದಿತ್ತು. ಬರಿಯ ಸುಯ್ ಎನ್ನುವ ಸದ್ದು ನಿಂತು ಯಾರದಾದರೂ ಮಾತು ಬಂದ ಕೂಡಲೇ ಅಲ್ಲಿನ ಕರೆಂಟು ಏರುತ್ತಿತ್ತು. ಆ ಜಾಗದಿಂದ ಒಂದು ತಂತಿ ಎಳೆದು ಕಂಪ್ಯೂಟರಿಗೆ ಕೊಟ್ಟರೆ, ಮಾತು ಇದೆಯೋ ಇಲ್ಲವೋ ಅದಕ್ಕೆ ತಿಳಿಯುತ್ತದೆ. ನಂಬರು ಒತ್ತು, ಸ್ವಲ್ಪ ತಡೆ, ಮಾತಿದ್ದರೆ ನಿಲ್ಲು, ಇಲ್ಲದಿದ್ದರೆ ಮುಂದಿನದಕ್ಕೆ ಹೋಗು. ಹಾಗೆಂದು ನಾಲ್ಕು ಸಾಲು ಬರೆದೆ. ಊರಿನ ಗಾಳಿಯಲ್ಲಿ ಒಂದೇ ಹೊತ್ತಿಗೆ ಎಷ್ಟು ಜನರ ಮಾತು ತೇಲುತ್ತಿರಬಹುದು, ಯಾವ ನಂಬರುಗಳ ನಡುವೆ ಯಾರೂ ಇಲ್ಲದ ಬಯಲಿದೆ, ಇಷ್ಟನ್ನು ತಿಳಿಯುವ ಆಸೆ ನನಗೆ.

ಅಂಕಿಗಳು ಓಡಿದವು. ಹಠಾತ್ತನೆ ನಿಂತವು. ಯಾರೋ ಒಬ್ಬಳು ಅರಿವೆ ಒಣಹಾಕುತ್ತ, ಎದುರಿಗಿಲ್ಲದ ಅತ್ತೆಗೆ ಉತ್ತರ ಕೊಡುತ್ತಿದ್ದಳು. ಬಲು ಒಳ್ಳೆಯ ಉತ್ತರ. ನನಗೆ ನಗು ಬಂತು. ಆಮೇಲೆ ಆ ದನಿ ಯಾರದೆಂದು ಹೊಳೆಯಿತು, ನಾನು ಸ್ವಿಚ್ಚು ಆರಿಸಿದೆ.

ಕಸ್ತೂರಿಗೆ ಹೇಳಿದೆ. ಅವಳು, "ಹಂಗಾರ ನಾ ಹಿತ್ತಲದಾಗ ಒಬ್ಬಾಕಿನ ಗೊಣಗಿದ್ದು ಬೇರೆಯವ್ರೂ ಹಿಂಗ ಮಶೀನ್ ಮಾಡಿ ಕೇಳಬಹುದು?" ಎಂದಳು. ಕೇಳಬಹುದು ಎಂದೆ. ಆ ಸಂಜೆ ಅವಳು ಪಾತ್ರೆ ತೊಳೆಯಲು ಹಿತ್ತಲಿಗೆ ಹೋಗುವಾಗ ಕೊಡೆ ಹಿಡಿದುಕೊಂಡು ಹೋದಳು. ಮರುದಿನ, ಕಸ್ತೂರಿಯಿಂದ ವಿಷಯ ತಿಳಿದು, ಜೈತುನಮ್ಮ ಇನ್‌ಸ್ಟಿಟ್ಯೂಟಿಗೆ ಬಂದಳು.

ಜೈತುನಮ್ಮನಿಗೆ ವಯಸ್ಸಾಗಿದೆ, ಆದರೆ ದನಿ ಹಾಗೆಯೇ ಇದೆ. ಮೇಜಿನ ಮುಂದೆ ಕುಳಿತು ಕನ್ನಡಕ ಏರಿಸಿ ಬೋರ್ಡನ್ನು ನೋಡಿದಳು.

"ಇದು ಎಲ್ಲಾ ನಂಬರ್ ತಿರುಗಿ ಬರಾಕ ಎಷ್ಟು ಹೊತ್ತು ತಗೋತೈತಿ, ಭರಮಣ್ಣ?"

"ಒಂದು ಚಾ ಕುಡಿಯೋ ಹೊತ್ತು, ಜೈತುನಮ್ಮ."

"ಒಂದು ಕೂಸಿನ ನಂಬರ್ ಹುಡಕಾಕ ನನಗ ಮುಂಜಾನಿಂದ ಮಧ್ಯಾಹ್ನ ಆಗತೈತಿ. ಅದೂ ಕೂಸುಗಳ ನಂಬರ್ ಎಲ್ಲಿರತಾವ ಅಂತ ಗೊತ್ತಿದ್ದು." ಅವಳು ಬೆರಳಿನಿಂದ ಒಂದು ಗೆರೆಯನ್ನು ಸವರಿದಳು. "ಚಂದ ಮಾಡೀರಿ ಇಬ್ರೂ. ನನಗ ಸಿಟ್ಟಿಲ್ಲ. ಆದ್ರ ಈ ಊರಾಗ ಮಂದಿ ಬಯಲಾಗ ಉಸಿರಾಡತಾರ ಅಂದ್ರ, ಕೊಡದ ನಂಬರ್ ಯಾರೂ ಒತ್ತಂಗಿಲ್ಲ ಅನ್ನೋ ಧೈರ್ಯದ ಮ್ಯಾಲೆ. ಇದಕ್ಕ ಅದು ಗೊತ್ತಾಗಂಗಿಲ್ಲ."

"ನಾ ಬೇಕಂತ ಯಾರ ಮಾತೂ ಕೇಳಂಗಿಲ್ಲ."

"ನೀ ಕೇಳಂಗಿಲ್ಲ. ನಿನ್ನ ನಂತರ ಇಲ್ಲಿ ಕೂಡ್ರಾವ?"

ಅವಳು ಬೋರ್ಡಿನಿಂದ ಕಂಪ್ಯೂಟರಿಗೆ ಹೋಗುವ ಅಗಲವಾದ ವಯರನ್ನು ಬಿಚ್ಚಿಸಿ, ಸುರುಳಿ ಸುತ್ತಿ, ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ನನಗೆ ಬೇಸರವಾಯಿತು. ಇನ್ನೊಂದು ವಯರು ಮಾಡುವುದು ಕಷ್ಟವೇನಲ್ಲ. ಮಾಡಲಿಲ್ಲ.

ದ್ಯಾಮಣ್ಣನ ವಿಷಯಕ್ಕೆ ಬರುತ್ತೇನೆ. ಇನ್‌ಸ್ಟಿಟ್ಯೂಟಿನ ಎದುರು ಮನೆ ಅವನದು. ಬಸ್ ಕಂಡಕ್ಟರ್ ಆಗಿದ್ದವನು. ಹಳೇ ರಸ್ತೆಯಲ್ಲಿ ಬಸ್ಸು ಓಡುತ್ತಿದ್ದಷ್ಟು ಕಾಲವೂ ಆ ಬಸ್ಸಿನಲ್ಲಿ ಅವನೇ ಇದ್ದ. ಮುದುಕಿಯರ ಬುಟ್ಟಿಯನ್ನು ತಾನೇ ಇಳಿಸಿಕೊಡುತ್ತಿದ್ದ, ನಿದ್ದೆ ಹೋದವರನ್ನು ಅವರ ಸ್ಟಾಪಿಗೆ ಎಬ್ಬಿಸುತ್ತಿದ್ದ. ಮಳೆಗಾಲದಲ್ಲಿ ಕೊರಕಲಿನ ಮೇಲಿನ ಕಲ್ಲುಸೇತುವೆ ನಡುವೆ ಮುರಿದುಬಿದ್ದ ಮೇಲೆ ಆ ರಸ್ತೆ ಮುಚ್ಚಿತು, ಬಸ್ಸುಗಳು ಹೊಸ ರಸ್ತೆ ಹಿಡಿದವು, ಅವನೂ ನಿವೃತ್ತನಾದ. ಹೋದ ವರ್ಷ ಅವನಿಗೆ ಲಕ್ವಾ ಹೊಡೆಯಿತು. ಕೈಕಾಲು ಸರಿಹೋದವು, ನಾಲಿಗೆ ಮರಳಿತು, ನಂಬರೂ ನೆನಪೂ ಮಾತ್ರ ಮರಳಲಿಲ್ಲ. ವಯಸ್ಸಾದಂತೆ ಎಲ್ಲರ ನಂಬರೂ ಕೂದಲೆಳೆಯಷ್ಟು ಸರಿಯುತ್ತದೆ. ಮನೆಯವರು ಕೂದಲು ನರೆಯುವುದನ್ನು ಗಮನಿಸಿದ ಹಾಗೆ ಅದನ್ನೂ ಗಮನಿಸಿ ಹೊಂದಿಸಿಕೊಳ್ಳುತ್ತಾರೆ. ದ್ಯಾಮಣ್ಣನದು ಸರಿದದ್ದಲ್ಲ, ಎಲ್ಲಿಗೋ ಹಾರಿಬಿಟ್ಟಿತ್ತು. ಅವನ ಹೆಂಡತಿ ನೀಲವ್ವ ಅವನನ್ನು ಅಂಗಳದಲ್ಲಿ ಕೂಡಿಸಿ, ಏನಾದರೂ ಮಾತಾಡಿ ಎಂದು ಬೇಡಿ, ಒಳಗೋಡಿ ಬಂದು ಗುಂಡಿ ಒತ್ತುತ್ತಿದ್ದಳು. ಮಾತಾಡು ಎಂದರೆ ಅವನು ಸುಮ್ಮನಾಗಿಬಿಡುತ್ತಿದ್ದ. ಅವಳು ಯಾರೆಂಬುದು ಅವನಿಗೆ ಕೆಲವು ದಿನ ತಿಳಿಯುತ್ತಿತ್ತು, ಹೆಚ್ಚಿನ ದಿನ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ನೀಲವ್ವ ಜೈತುನಮ್ಮನ ಜೊತೆ ನನ್ನ ಬಾಗಿಲಿಗೆ ಬಂದಳು. ಅವಳ ಸೆರಗು ನೆಲಕ್ಕೆ ಎಳೆದಾಡುತ್ತಿತ್ತು, ಅದರ ಮೇಲೆ ಗಮನವಿರಲಿಲ್ಲ.

"ಮಾಸ್ತರ, ಇವರು ಇಲ್ಲ. ಉಂಡು ಮಲಗಿದ್ರು. ನಾ ಹಿಟ್ಟು ಬೀಸಾಕ ಕೊಟ್ಟು ಬರೂದ್ರಾಗ ಇಲ್ಲ. ಬಜಾರ ನೋಡಿದೆ, ಬಸ್ ಸ್ಟ್ಯಾಂಡ್ ನೋಡಿದೆ, ಕೆರಿ ಕಡೆ ಮಂದಿ ಹೋಗ್ಯಾರ. ಸಿಕ್ರೂ ಕೈ ಹಿಡದ್ರ ಜಾಡಿಸಿ ಓಡತಾರ. ನಿಲ್ರಿ ಅಂದ್ರ ನಿಂದ್ರಂಗಿಲ್ಲ."

ಜೈತುನಮ್ಮ ಸೆರಗಿನ ಗಂಟು ಬಿಚ್ಚಿ ವಯರನ್ನು ಮೇಜಿನ ಮೇಲಿಟ್ಟಳು. "ಹುಡುಕು" ಎಂದಳು.

ನಾನು ವಯರು ಸಿಕ್ಕಿಸುತ್ತಲೇ ಹೇಳಿದೆ: "ಇದು ದನಿ ಸಿಕ್ಕಲ್ಲೆಲ್ಲ ನಿಲ್ಲತೈತಿ, ಜೈತುನಮ್ಮ. ಇಷ್ಟು ಹೊತ್ತಿನ್ಯಾಗ ಅರ್ಧ ಊರು ಬಯಲಾಗ ಇರತೈತಿ. ಒಬ್ಬೊಬ್ರನ್ನ ಕೇಳಿ, ಇವರಲ್ಲ ಅಂತ ಮುಂದ ಹೋಗೂದ್ರಾಗ ಸಂಜಿ ಆಗತೈತಿ. ಎಲ್ಲಾರ ಮಾತೂ ನಮ್ಮ ಕಿವಿಗೆ ಬೀಳತಾವ."

ಅವಳು ಹೊರಗೆ ಹೋಗಿ ರಸ್ತೆಯ ನಡುವೆ ನಿಂತಳು.

"ನಾ ಜೈತುನಬಿ ಮಾತಾಡಾಕತ್ತೀನಿ. ಕೇಳಿದವ್ರು ಕೇಳದವ್ರಿಗೆ ಹೇಳ್ರಿ. ಕಂಡಕ್ಟರ್ ದ್ಯಾಮಣ್ಣ ಮನ್ಯಾಗಿಲ್ಲ. ಅವನ ದನಿ ಹುಡುಕಬೇಕಾಗೇತಿ. ಎಲ್ಲಾರೂ ಒಳಗ ಹೋಗ್ರಿ. ಹೊಲದಾಗ ಇದ್ದವ್ರು ಕೊಡಿ ಬಿಚ್ರಿ, ಕೊಡಿ ಇಲ್ಲದವ್ರು ಬಾಯಿ ಮುಚ್ಕೊಂಡಿರ್ರಿ. ಅವ ಸಿಗೋತನಕ ಬಯಲಾಗ ಯಾರೂ ಮಾತಾಡಬ್ಯಾಡ್ರಿ."

ಹಾಗೆಂದು ಎರಡು ಸಲ ಹೇಳಿದಳು. ಮನೆಗಳ ಕದ ತೆರೆದು ಹೆಂಗಸರು ಹೊಸ್ತಿಲಿಗೆ ಬಂದು ಬೀದಿಯಲ್ಲಿದ್ದವರಿಗೆ ಕೈಸನ್ನೆ ಮಾಡಿದರು. ಸನ್ನೆ ಓಣಿಯಿಂದ ಓಣಿಗೆ ಹೋಯಿತು. ಬಾಳೆಹಣ್ಣಿನ ಗಾಡಿಯವನು ಗಾಡಿಯನ್ನು ಅಲ್ಲೇ ಬಿಟ್ಟು ಕಟ್ಟೆಯ ಮಾಡಿನ ಕೆಳಗೆ ಹೋದ. ದೂರದಲ್ಲಿ ಗದ್ದಲ ಮಾಡುತ್ತಿದ್ದ ಮಾರುಕಟ್ಟೆ ದೊಡ್ಡ ಪಾತ್ರೆಯ ಮೇಲೆ ಮುಚ್ಚಳ ಇಟ್ಟಂತೆ ಸುಮ್ಮನಾಯಿತು. ಹೊರಗೆ ಉಳಿದದ್ದು ಕಾಗೆ, ನಾಯಿ, ಗಾಳಿ. ಅವುಗಳಿಗೆ ನಂಬರಿಲ್ಲ.

ಕಸ್ತೂರಿ ಮೊಪೆಡ್ ತೆಗೆದು ಬಾಗಿಲಲ್ಲಿ ನಿಲ್ಲಿಸಿಕೊಂಡಳು. ನಾನು ಕಂಪ್ಯೂಟರಿಗೆ ಓಡು ಎಂದೆ.

ಅಂಕಿಗಳು ಓಡಿದವು. ಬರಿಯ ಸುಯ್ ಎನ್ನುವ ಸದ್ದು. ಊರು ಇಷ್ಟು ಖಾಲಿಯಾಗಿರುವುದನ್ನು ನಾನು ಎಂದೂ ಕೇಳಿರಲಿಲ್ಲ. ಮೊದಲು ನಿಂತದ್ದು ಒಂದು ಕೂಸಿನ ಅಳುವಿಗೆ. "ಬಡಿಗೇರ ಮನಿ ಕೂಸು, ಹಲ್ಲು ಬರಾಕತ್ತಾವ. ಮುಂದ" ಎಂದಳು ಜೈತುನಮ್ಮ. ಇನ್ನೊಮ್ಮೆ ನಿಂತಾಗ ಯಾರೋ ಗಂಡಸು, "ಏನಾತಪ್ಪ, ಎಲ್ಲಾರೂ ಎಲ್ಲಿ ಹ್ವಾದ್ರು?" ಎನ್ನುತ್ತಿದ್ದ. ಅವನ ಬಾಯಿಯ ಮೇಲೆ ಯಾರೋ ಕೈಯಿಟ್ಟಂತೆ ಸದ್ದು ನಿಂತಿತು. ಮುಂದೆ ಬಹಳ ದೂರ ಏನೂ ಇಲ್ಲ. ನಂಬರುಗಳು ಏರುತ್ತ ಯಾರೂ ಇಲ್ಲದ ಕಡೆ ಹೋದವು. ನೀಲವ್ವ ನನ್ನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿದ್ದಳು.

ಅಂಕಿಗಳು ನಿಂತವು.

"...ನಾಕಾ, ಹಳೇ ನಾಕಾ. ಇಳಿಯೋರು ಮುಂದ ಬರ್ರಿ. ಬುಟ್ಟಿ ಯಾರ್ದು ಇದು? ತಡೀರಿ ಅವ್ವಾರ, ನಾ ಇಳಿಸತೀನಿ. ಹಾಂ, ರೈಟ್."

ದನಿ ಸ್ವಲ್ಪ ತೊದಲುತ್ತಿತ್ತು, ಮೊದಲಿಗಿಂತ ತೆಳ್ಳಗಾಗಿತ್ತು. ಆದರೆ 'ರೈಟ್' ಎಂದದ್ದು ಆ ಬಸ್ಸಿನಲ್ಲಿ ಓಡಾಡಿದ ಎಲ್ಲರಿಗೂ ಗೊತ್ತಿದ್ದ ಹಾಗೆಯೇ ಇತ್ತು.

"ಹಳೇ ರಸ್ತಾದಾಗ ಅದಾರ" ಎಂದಳು ನೀಲವ್ವ. ಹಳೇ ನಾಕಾ ಆದ ಮೇಲೆ ಜೋಡುಬೇವು, ಅದಾದ ಮೇಲೆ ಆ ಮುರಿದ ಸೇತುವೆ. ಸೇತುವೆಯ ಬಾಯಿಗೆ ಮುಳ್ಳು ಒಟ್ಟಿದ್ದು ಬಿಟ್ಟರೆ ಬೇರೆ ಅಡ್ಡಿಯಿರಲಿಲ್ಲ. ಆ ಮುಳ್ಳೂ ಒಣಗಿ ಯಾರದೋ ಒಲೆ ಸೇರಿತ್ತು.

ನೀಲವ್ವ ಮೊಪೆಡ್ ಹತ್ತುವ ಮುಂಚೆ ಹಿಂದೆ ಬಂದು, "ನನ್ನ ನಂಬರ್ ತಗೋರಿ ಮಾಸ್ತರ" ಎಂದು ಅದನ್ನು ಹೇಳಿದಳು. ಇಷ್ಟು ವರ್ಷ ಎದುರುಬದುರು ಇದ್ದೂ ಅದು ನನ್ನ ಹತ್ತಿರ ಇರಲಿಲ್ಲ. ನಾನು ಕಂಪ್ಯೂಟರಿಗೆ ಆ ಎರಡೇ ನಂಬರುಗಳ ನಡುವೆ ಓಡಾಡು, ಯಾರು ಮಾತಾಡಿದರೋ ಅಲ್ಲಿ ನಿಲ್ಲು ಎಂದು ಹೊಸದಾಗಿ ಬರೆದುಕೊಟ್ಟೆ. ಮೊಪೆಡ್ಡಿನ ಸದ್ದು ಮೂಲೆ ತಿರುಗಿ ಕರಗಿತು.

ಆಮೇಲೆ ಕಾಯುವುದು. ದ್ಯಾಮಣ್ಣ ಯಾರಿಗೋ ಚಿಲ್ಲರೆ ಇಲ್ಲವೆಂದ. ಯಾರದೋ ಮಗುವಿಗೆ ಕಿಟಕಿಯಿಂದ ಕೈ ಒಳಗೆ ತೆಗೆದುಕೋ ಎಂದ. "ಜೋಡುಬೇವು" ಎಂದು ಕೂಗಿದ. ನಡೆದು ಏದುಸಿರು ಬಂದಿತ್ತು. ಬೇವಿನ ಮರಗಳಿಂದ ಸೇತುವೆ ಕಾಣುತ್ತದೆ. "ಮುಂದಿಂದು ಸೇತುವಿ" ಎಂದ. ಜೈತುನಮ್ಮ ಸ್ಕ್ಯಾನರಿನ ತಗಡಿನ ಮೇಲೆ ಅಂಗೈ ಊರಿಕೊಂಡಿದ್ದಳು. ನಮ್ಮ ಕಡೆಯಿಂದ ಅವನಿಗೆ ಒಂದು ಮಾತೂ ಹೇಳುವಂತಿರಲಿಲ್ಲ. ಈ ಪೆಟ್ಟಿಗೆಗೆ ಕಿವಿ ಮಾತ್ರ ಇದೆ.

ಅಂಕಿಗಳು ನೀಲವ್ವನ ನಂಬರಿಗೆ ಜಿಗಿದವು.

"...ಕ್ಟರ್ ಸಾಹೇಬ್ರ, ಹೋಲ್ಡಾನ್ ಮಾಡ್ರಿ. ನಾ ಇಳೀಬೇಕು."

ಯಂತ್ರ ಒಂದು ನಂಬರಿನಿಂದ ಇನ್ನೊಂದಕ್ಕೆ ಹಾರುವಷ್ಟರಲ್ಲಿ ಮಾತಿನ ಮೊದಲ ಚೂರು ಕಳೆದುಹೋಗುತ್ತಿತ್ತು.

"...ಲ್ಡಾನ್!" ಎಂದ ದ್ಯಾಮಣ್ಣ. ಬಸ್ಸು ನಿಂತಿರಬೇಕು, ಅವನೂ ನಿಂತ. "ಯಾಕ್ರಿ ಅಕ್ಕಾರ, ಇಲ್ಲಿ ಸ್ಟಾಪ್ ಇಲ್ಲಲ್ಲ. ಎಲ್ಲಿಗೆ ಹೋಗಬೇಕಾಗಿತ್ತು ನೀವು?"

"...ಜಾರ ಓಣಿಗಿರಿ."

"...ಯ್ಯ, ಈ ಬಸ್ ಆ ಕಡೆ ಹೋಗಂಗಿಲ್ರಿ. ನೀವು ಉಲ್ಟಾ ಬಸ್ ಹತ್ತೀರಿ. ಹತ್ತೂ ಮುಂದ ಬೋರ್ಡ್ ನೋಡಬಾರದೇನ್ರಿ?"

"...ದಾಕ ಬರಂಗಿಲ್ಲರಿ ನನಗ."

ಅಂಕಿಗಳು ಅತ್ತಿತ್ತ ಹಾರುತ್ತಿದ್ದವು. ನೀಲವ್ವ ಓದು ಬಲ್ಲವಳು, ನಮ್ಮಲ್ಲಿಗೆ ಪೇಪರ್ ಓದಲು ಬರುತ್ತಿದ್ದಳು.

"...ಬ್ಬಾಕೀನ ಹೆಂಗ ಹೋಗ್ತೀರಿ ಇಂಥಾ ಬಿಸಲಾಗ? ಮನ್ಯಾಗ ಯಾರದಾರ?"

"...ಮ್ಮ ಮನಿಯವ್ರು ಅದಾರಿ. ದಾರಿ ಕಾಯತಿರತಾರ."

"...ಡೀರಿ ಹಂಗಾರ. ನಾ ಬಿಟ್ಟು ಬರತೀನಿ. ಡ್ರೈವರ್ ನಿಂದರತಾನ, ನಮ್ಮಾವನ ಅವ. ಚೀಲ ಇದ್ರ ಕೊಡ್ರಿ."

ಜೈತುನಮ್ಮ ಅಂಗೈಯನ್ನು ತಗಡಿನಿಂದ ಎತ್ತಿದಳು. ಅವರು ಊರ ಕಡೆ ಬರುತ್ತಿದ್ದಾರೆ ಎನ್ನುವುದು ಅವನು ಹೇಳುತ್ತಿದ್ದ ಸ್ಟಾಪುಗಳಿಂದ ಖಾತ್ರಿಯಾದ ಮೇಲೆ, "ಸಾಕು. ಇನ್ನ ಅವರ ಮಾತು ಅವರದು" ಎಂದು ತಾನೇ ವಯರನ್ನು ಎಳೆದು ತೆಗೆದಳು. ಕೇಳಬೇಕೆಂಬ ಆಸೆ ಇನ್ನೂ ಇತ್ತು, ಆದರೂ ನಾನು ತಡೆಯಲಿಲ್ಲ.

ಆ ಬೋರ್ಡು ಈಗ ಅವಳ ಮನೆಯಲ್ಲಿದೆ. ತೊಟ್ಟಿಲ ದಿನ ಅದನ್ನೂ ಒಂದು ಕಂಪ್ಯೂಟರನ್ನೂ ಕೈಗಾಡಿಯಲ್ಲಿ ಹೇರಿಕೊಂಡು ಹೋಗುತ್ತೇವೆ. ಕೂಸುಗಳ ನಂಬರು ಇರುವ ಕಡೆಗಷ್ಟೇ ಹುಡುಕಿದ ಮೇಲೆ ವಯರು ಅವಳ ಸೆರಗಿಗೆ ಹೋಗುತ್ತದೆ. ಕೆಟ್ಟ ಗುಂಡಿಗಳಿಗೆಂದು ಇನ್ನೊಂದು ತರಹದ ಬೋರ್ಡು ಮಾಡಿ ಓಣಿಯ ಕೆಲವು ಮನೆಗಳಿಗೆ ಕೊಟ್ಟಿದ್ದೇನೆ. ಅದು ಹೇಳಿದ ನಂಬರನ್ನು ಒತ್ತುತ್ತದೆ, ತಾನಾಗಿ ಹುಡುಕುವುದಿಲ್ಲ. ಯಾರೂ ಇಲ್ಲದ ಆ ದೂರದ ನಂಬರುಗಳಲ್ಲಿ ದ್ಯಾಮಣ್ಣನೊಬ್ಬನೇ ಯಾಕೆ ಹೋಗಿ ಕುಳಿತನೆಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ಆ ದಿನ ದ್ಯಾಮಣ್ಣ, ನೀಲವ್ವ ಬರುವಾಗ ಹೊತ್ತು ಇಳಿದಿತ್ತು. ಕಸ್ತೂರಿ ದೂರದಲ್ಲಿ ಮೊಪೆಡ್ ತಳ್ಳಿಕೊಂಡು ಹಿಂದೆ ಬರುತ್ತಿದ್ದಳು. ಜನ ಹೊಸ್ತಿಲಲ್ಲಿ, ಅಂಗಡಿಗಳ ಮಾಡಿನ ಕೆಳಗೆ ನಿಂತಿದ್ದರು. ಯಾರೂ ಮಾತಾಡಲಿಲ್ಲ. ದ್ಯಾಮಣ್ಣ ನಮ್ಮ ಬಾಗಿಲ ಮುಂದೆ ನಿಂತು ಅತ್ತಿತ್ತ ನೋಡಿ, "ಇವತ್ತು ಬಂದ್ ಐತೇನ್ರಿ?" ಎಂದು ನನ್ನನ್ನು ಕೇಳಿದ. ಬಂದ್ ಇತ್ತು, ಈಗ ತೆಗೀತಾರ ಎಂದೆ. "ಈ ಅಕ್ಕಾರ ಮನಿ ಯಾವುದ್ರಿ?" ಎಂದ. ನಾನು ಎದುರು ಮನೆ ತೋರಿಸಿದೆ. ಅವನು ರಸ್ತೆಯ ಎರಡೂ ಕಡೆ ನೋಡಿ, ಅವಳನ್ನು ದಾಟಿಸಿ, ಮೆಟ್ಟಿಲವರೆಗೆ ಹೋಗಿ ನಿಂತ.

"ಒಳಗ ಬರ್ರಿ" ಎಂದಳು ನೀಲವ್ವ. "ಇಷ್ಟು ದೂರ ಬಂದೀರಿ. ಒಂದು ಕಪ್ ಚಾ ಕುಡದು ಹೋಗ್ರಿ. ಮಾಸ್ತರ, ನೀವೂ ಬರ್ರಿ."

"ಬಸ್ ನಿಂತೈತ್ರಿ, ಅಕ್ಕಾರ."

"ನಿಂದರ್ಲಿ ಬಿಡ್ರಿ. ಡ್ರೈವರೂ ಚಾ ಕುಡಿಯಾಕ ಹೋಗಿರತಾರ."

ಅದು ಅವನಿಗೆ ಒಪ್ಪಿಗೆಯಾಯಿತು. ಕೆಂಪು ಧೂಳು ಹತ್ತಿದ ಚಪ್ಪಲಿಗಳನ್ನು ಗೋಡೆಯ ಬದಿಗೆ ಬಿಟ್ಟು ಒಳಗೆ ಬಂದ. ಪರರ ಮನೆಯಲ್ಲಿ ಕೂರುವ ಹಾಗೆ ಕುರ್ಚಿಯ ಅಂಚಿನಲ್ಲಿ ಕುಳಿತ. ನಾನು ಅವನ ಪಕ್ಕದಲ್ಲಿ ಕುಳಿತೆ. ನೀಲವ್ವ ಚಹಾ ತಂದುಕೊಟ್ಟಳು. ಅವನು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಒಂದು ಗುಟುಕು ಕುಡಿದ, ಇನ್ನೊಂದು ಗುಟುಕು ಕುಡಿದ.

"ನಮ್ಮ ಮನಿಯಾಕಿನೂ ಹಿಂಗ ಮಾಡತಾಳ್ರಿ" ಎಂದ ನನ್ನ ಕಡೆ ತಿರುಗಿ. "ಶುಂಠಿ ಜಾಸ್ತಿ, ಸಕ್ಕರಿ ಕಮ್ಮಿ."

"ಹೌದೇನ್ರಿ" ಎಂದಳು ನೀಲವ್ವ. ಒಳಗೆ ಹೋಗಿ ಪಾತ್ರೆ ತಂದು ಅವನ ಕಪ್ಪಿಗೆ ಇನ್ನಷ್ಟು ಸುರಿದಳು.